ಕಚೇರಿಯ ನೆಟ್‌ವರ್ಕ್ ಸ್ಟೋರೇಜ್ ನಿಧಾನವಾದಾಗ: ಹೊಸ ಖರೀದಿಗೆ ಮುನ್ನ ಪರೀಕ್ಷಿಸಬೇಕಾದ ಸಂಗತಿಗಳು



"ಕಚೇರಿಯ ಸ್ಟೋರೇಜ್ ಬಹಳ ನಿಧಾನವಾಗಿದ್ದು, ಆಗಾಗ್ಗೆ ಸಂಪರ್ಕ ಕಡಿದುಹೋಗುತ್ತಿರುವುದರಿಂದ ಹೊಸ ಸ್ಟೋರೇಜ್ ಖರೀದಿಸುವ ಬಗ್ಗೆ" ಎಂಬ ವಿಷಯವು ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಬಂದಾಗ ಸದಸ್ಯರಲ್ಲಿ ಅನೇಕರು ಇಕ್ಕಟ್ಟಿಗೆ ಸಿಲುಕುವುದು ಸಹಜ. ಒಪ್ಪಿದರೆ ಹತ್ತಾರು ಸಾವಿರ ರೂಪಾಯಿ ವೆಚ್ಚ. ಒಪ್ಪದಿದ್ದರೆ ಕಚೇರಿಯ ಕೆಲಸಕ್ಕೆ ಅಡ್ಡಿ. ವಿಷಯವು ತಾಂತ್ರಿಕವಾದುದೆಂಬ ಕಾರಣಕ್ಕೆ ಚರ್ಚೆಯಿಲ್ಲದೆ ಠರಾವು ಆಗುವುದೂ ಉಂಟು, ಮುಂದಿನ ಸಭೆಗೆ ಮುಂದೂಡುವುದೂ ಉಂಟು. ಎರಡೂ ಸರಿಯಲ್ಲ. ಸದಸ್ಯರನ್ನು ತಂತ್ರಜ್ಞರನ್ನಾಗಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ಇಂತಹ ಪ್ರಸ್ತಾವನೆ ಸಭೆಗೆ ಬರುವ ಮುನ್ನ ಯಾವ ಪರೀಕ್ಷೆಗಳು ನಡೆದಿರಬೇಕು, ಅವುಗಳ ಫಲಿತಾಂಶದಿಂದ ಏನು ತಿಳಿಯುತ್ತದೆ ಎಂಬುದನ್ನು ವಿವರಿಸುವುದಷ್ಟೇ ಇದರ ಗುರಿ.

ಏನು ಪಣಕ್ಕಿದೆ

ಒಂದು ಕಚೇರಿಯ ಹಲವು ಗಣಕಯಂತ್ರಗಳು ಕಡತಗಳನ್ನು ಒಂದೇ ಕಡೆ ಇಟ್ಟು ಹಂಚಿಕೊಳ್ಳಲು ಬಳಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ಟೋರೇಜ್. ಕೆಲವರು ಇದನ್ನು ನ್ಯಾಸ್ ಎಂದೂ ಕೆಲವರು ಸರ್ವರ್ ಎಂದೂ ಕರೆಯುತ್ತಾರೆ. ಕೆಲವೆಡೆ ಪ್ರತ್ಯೇಕ ಪೆಟ್ಟಿಗೆಯಿಲ್ಲದೆ ಒಂದು ಗಣಕಯಂತ್ರವೇ ಈ ಕೆಲಸ ಮಾಡುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ತೆರಿಗೆ ವಹಿಗಳು, ಸಭಾ ನಡವಳಿಗಳು, ಕಟ್ಟಡ ಪರವಾನಗಿಯ ಕಡತಗಳು, ಕಾಮಗಾರಿಗಳ ಅಂದಾಜುಪಟ್ಟಿ ಮತ್ತು ಛಾಯಾಚಿತ್ರಗಳು ಸಾಮಾನ್ಯವಾಗಿ ಇದರಲ್ಲಿರುತ್ತವೆ.

ಸಂಪರ್ಕ ನಿಧಾನವಾದರೆ ಮೊದಲು ಕಾಣುವುದು ಕೌಂಟರಿನ ಮುಂದೆ ಕಾಯುತ್ತಿರುವ ಸಾರ್ವಜನಿಕರ ಬೇಸರ. ಆದರೆ ಅದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಕಡತವನ್ನು ಉಳಿಸುತ್ತಿರುವಾಗಲೇ ಸಂಪರ್ಕ ಕಡಿದರೆ ಅದು ಅರ್ಧ ಬರೆದಂತಾಗಿ ಮತ್ತೆ ತೆರೆಯದೇ ಹೋಗಬಹುದು. ಹೀಗೆ ಒಂದೆರಡು ಬಾರಿ ಆದ ಮೇಲೆ ಸಿಬ್ಬಂದಿಯು ಸ್ಟೋರೇಜ್ ಮೇಲಿನ ನಂಬಿಕೆ ಕಳೆದುಕೊಂಡು ಕಡತಗಳನ್ನು ತಮ್ಮ ತಮ್ಮ ಗಣಕಯಂತ್ರದಲ್ಲಿಯೇ ಇಟ್ಟುಕೊಳ್ಳತೊಡಗುತ್ತಾರೆ. ಕೆಲವೇ ತಿಂಗಳಲ್ಲಿ ಒಂದೇ ವಹಿಯ ಮೂರು ಪ್ರತಿಗಳು ಮೂರು ಯಂತ್ರಗಳಲ್ಲಿದ್ದು, ಯಾವುದು ಸರಿಯಾದುದು ಎಂದು ಹೇಳುವವರೇ ಇಲ್ಲದಂತಾಗುತ್ತದೆ. ಲೆಕ್ಕಪರಿಶೋಧನೆಯ ಸಮಯದಲ್ಲಿ ಅಥವಾ ಆಸ್ತಿಯ ಬಗ್ಗೆ ತಕರಾರು ಬಂದಾಗ ಇದರ ಬೆಲೆ ತಿಳಿಯುತ್ತದೆ. ಆದುದರಿಂದ ದೋಷವನ್ನು ಸಹಿಸಿಕೊಂಡು ಹೋಗುವುದು ತರವಲ್ಲ. ದೋಷ ಎಲ್ಲಿದೆಯೆಂದು ತಿಳಿಯದೆ ಹಣ ಸುರಿಯುವುದೂ ತರವಲ್ಲ.

ಟ್ಯಾಂಕು, ವಾಲ್ವು, ನಲ್ಲಿ

ಕುಡಿಯುವ ನೀರಿನ ವ್ಯವಸ್ಥೆಯನ್ನು ನಿತ್ಯ ನೋಡಿಕೊಳ್ಳುವ ಸದಸ್ಯರಿಗೆ ಈ ವಿಷಯ ಕಷ್ಟವೆನಿಸದು. ಸ್ಟೋರೇಜ್ ಎಂದರೆ ಓವರ್‌ಹೆಡ್ ಟ್ಯಾಂಕು. ಸ್ವಿಚ್ ಎಂದರೆ ಹಲವು ಬೀದಿಗಳಿಗೆ ನೀರು ಹಂಚುವ ವಾಲ್ವಿನ ಗುಂಡಿ. ಕೇಬಲ್‌ಗಳು ಪೈಪುಗಳು, ಗಣಕಯಂತ್ರಗಳು ಮನೆಯ ನಲ್ಲಿಗಳು. ಒಂದು ಬೀದಿಗೆ ನೀರು ಬರುತ್ತಿಲ್ಲವೆಂದು ದೂರು ಬಂದರೆ ಟ್ಯಾಂಕನ್ನು ಒಡೆದು ಹೊಸದಾಗಿ ಕಟ್ಟುವ ಅಂದಾಜನ್ನು ಯಾರೂ ತಯಾರಿಸುವುದಿಲ್ಲ. ನೀರುಗಂಟಿಯನ್ನು ಕಳುಹಿಸಿ, ಪಕ್ಕದ ಬೀದಿಗೆ ನೀರು ಬರುತ್ತಿದೆಯೇ, ವಾಲ್ವು ತೆರೆದಿದೆಯೇ, ಪೈಪು ಎಲ್ಲಿ ಒಡೆದಿದೆ ಎಂದು ನೋಡಿಸುತ್ತೇವೆ. ಸ್ಟೋರೇಜ್ ವಿಷಯದಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ. ಪೆಟ್ಟಿಗೆಯ ಬೆಲೆ ಹತ್ತಾರು ಸಾವಿರ ರೂಪಾಯಿ. ಒಂದು ಕೇಬಲಿನ ಬೆಲೆ ನೂರಾರು ರೂಪಾಯಿ. ಅಗ್ಗದ್ದನ್ನು ಮೊದಲು ಪರೀಕ್ಷಿಸಬೇಕು.

ಇಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಇ-ಸ್ವತ್ತು, ಪಂಚತಂತ್ರ ಮುಂತಾದ ತಂತ್ರಾಂಶಗಳು ಅಂತರ್ಜಾಲದ ಮೂಲಕ ದೂರದ ಸರ್ವರ್‌ಗಳನ್ನು ಅವಲಂಬಿಸಿವೆ. ಅವು ನಿಧಾನವಾದರೆ ಕಾರಣ ಕಚೇರಿಯ ಹೊರಗೂ ಇರಬಹುದು. ಆದರೆ ಕಚೇರಿಯ ಸ್ಟೋರೇಜ್‌ಗೆ ಅಂತರ್ಜಾಲದ ಅವಶ್ಯಕತೆಯೇ ಇಲ್ಲ. ಅದರ ಸಂಚಾರವೆಲ್ಲ ಕಚೇರಿಯೊಳಗಿನ ಸ್ವಿಚ್ ಮೂಲಕವೇ ನಡೆಯುತ್ತದೆ. ರೂಟರ್ ಅನ್ನು ಚಾಲನೆಯಲ್ಲಿಯೇ ಇಟ್ಟು, ಹೊರಗಿನಿಂದ ಬರುವ ಅಂತರ್ಜಾಲದ ತಂತಿಯನ್ನು ಮಾತ್ರ ಐದು ನಿಮಿಷ ತೆಗೆದು ನೋಡಿ. ಸ್ಟೋರೇಜ್‌ನ ಕಡತಗಳು ಆಗಲೂ ಅದೇ ವೇಗದಲ್ಲಿ ತೆರೆಯಬೇಕು. ಆಗಲೂ ನಿಧಾನವೇ ಆಗಿದ್ದರೆ ದೋಷ ಕಚೇರಿಯ ನಾಲ್ಕು ಗೋಡೆಗಳ ಒಳಗೇ ಇದೆಯೆಂದು ತಿಳಿಯಬೇಕು. ಅಂತರ್ಜಾಲ ಸೇವೆ ಒದಗಿಸುವವರಿಗೆ ಪತ್ರ ಬರೆದರೆ ಅದು ಬಗೆಹರಿಯುವುದಿಲ್ಲ.

ಮೊದಲ ಪ್ರಶ್ನೆ: ಒಬ್ಬರಿಗೋ, ಎಲ್ಲರಿಗೋ

ದೂರು ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು. ಒಂದೇ ಗಣಕಯಂತ್ರದಲ್ಲಿ ತೊಂದರೆಯಿದ್ದು ಉಳಿದವು ಸರಿಯಾಗಿದ್ದರೆ, ದೋಷವು ಆ ಯಂತ್ರದಲ್ಲಿ, ಅದರ ಕೇಬಲಿನಲ್ಲಿ ಅಥವಾ ಅದು ಸೇರಿರುವ ಸ್ವಿಚ್‌ನ ಪೋರ್ಟಿನಲ್ಲಿ ಇರುವ ಸಂಭವವೇ ಹೆಚ್ಚು. ಎಲ್ಲ ಯಂತ್ರಗಳಿಗೂ ಸ್ಟೋರೇಜ್ ನಿಧಾನವಾಗಿದ್ದು, ಯಂತ್ರದಿಂದ ಯಂತ್ರಕ್ಕೆ ಕಡತ ಕಳುಹಿಸುವುದು ವೇಗವಾಗಿದ್ದರೆ, ದೋಷವು ಸ್ಟೋರೇಜ್ ಮತ್ತು ಸ್ವಿಚ್ ನಡುವಿನ ಕೇಬಲಿನಲ್ಲಿ, ಆ ಪೋರ್ಟಿನಲ್ಲಿ ಅಥವಾ ಸ್ಟೋರೇಜ್‌ನಲ್ಲಿ ಇರಬೇಕು. ಎಲ್ಲವೂ ಎಲ್ಲರಿಗೂ ನಿಧಾನವಾಗಿದ್ದರೆ ಸ್ವಿಚ್ ಅಥವಾ ಅದರ ವಿದ್ಯುತ್ ಪೂರೈಕೆಯ ಕಡೆ ನೋಡಬೇಕು. ಒಂದು ರೂಪಾಯಿ ಖರ್ಚಿಲ್ಲದೆ ಹುಡುಕಾಟದ ಕ್ಷೇತ್ರ ಇಷ್ಟು ಕಿರಿದಾಗುತ್ತದೆ.

ವೇಗ ಹತ್ತರಲ್ಲೊಂದು ಪಾಲಾಗುವುದೇಕೆ

ನೆಟ್‌ವರ್ಕ್ ಕೇಬಲಿನೊಳಗೆ 8 ತಂತಿಗಳು 4 ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಇಂದಿನ ಸಾಮಾನ್ಯ ವೇಗವಾದ ಸೆಕೆಂಡಿಗೆ 1000 ಮೆಗಾಬಿಟ್ ಸಿಗಬೇಕಾದರೆ ನಾಲ್ಕೂ ಜೋಡಿಗಳು ಸರಿಯಾಗಿರಬೇಕು. ಹಳೆಯ ವೇಗವಾದ 100 ಮೆಗಾಬಿಟ್‌ಗೆ ಎರಡೇ ಜೋಡಿಗಳು ಸಾಕು. ಆದುದರಿಂದ ಉಳಿದ ಎರಡು ಜೋಡಿಗಳಲ್ಲಿ ಒಂದೇ ಒಂದು ತಂತಿ ತುಂಡಾದರೂ ಅಥವಾ ತುದಿಯ ಕನೆಕ್ಟರಿನಲ್ಲಿ ಸರಿಯಾಗಿ ಕೂರದಿದ್ದರೂ ಸಂಪರ್ಕ ಪೂರ್ಣವಾಗಿ ನಿಲ್ಲದೆ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ದೀಪ ಉರಿಯುತ್ತಿರುತ್ತದೆ, ಕಡತವೂ ತೆರೆಯುತ್ತದೆ. ಆದರೆ ವೇಗ ಹತ್ತರಲ್ಲೊಂದು ಪಾಲಾಗಿರುತ್ತದೆ. ನೀರಿನ ಪೈಪಿನ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ: ಪೈಪಿನಲ್ಲಿ ಸೋರಿದಷ್ಟು ನೀರು ಕಡಿಮೆಯಾದರೆ, ಕೇಬಲಿನಲ್ಲಿ ವೇಗ ಮೆಟ್ಟಿಲಿನಂತೆ ಒಮ್ಮೆಲೇ ಇಳಿಯುತ್ತದೆ.

8 ಬಿಟ್ ಸೇರಿದರೆ 1 ಬೈಟ್. ಆದುದರಿಂದ 100 ಮೆಗಾಬಿಟ್ ಎಂದರೆ ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಕೈಗೆ ಸಿಗುವುದು ಸುಮಾರು 11. 1000 ಮೆಗಾಬಿಟ್‌ನಲ್ಲಿ ಸುಮಾರು 110 ಮೆಗಾಬೈಟ್ ಸಿಗಬಹುದು. 1 ಗಿಗಾಬೈಟ್ ಗಾತ್ರದ ಒಂದು ಕಡತವನ್ನು ಪ್ರತಿ ಮಾಡಲು ಮೊದಲನೆಯದರಲ್ಲಿ ಸುಮಾರು ಒಂದೂವರೆ ನಿಮಿಷ, ಎರಡನೆಯದರಲ್ಲಿ ಸುಮಾರು 10 ಸೆಕೆಂಡು. ಪ್ರತಿ ಮಾಡುವಾಗ ಪರದೆಯ ಮೇಲೆ ವೇಗ 11ರ ಆಸುಪಾಸಿನಲ್ಲಿಯೇ ನಿಂತಿದ್ದರೆ, ದಾರಿಯಲ್ಲಿ ಎಲ್ಲಿಯೋ 100 ಮೆಗಾಬಿಟ್‌ನ ಕೊಂಡಿಯಿದೆ ಎಂಬುದಕ್ಕೆ ಅದು ಬಲವಾದ ಸೂಚನೆ. ಅದು ಕೆಟ್ಟ ಕೇಬಲ್ ಇರಬಹುದು, ಹಳೆಯ ಸ್ವಿಚ್ ಇರಬಹುದು, ಅಥವಾ ಸ್ವಿಚ್ ಬದಲಿಗೆ ರೂಟರಿನ ಹಿಂಬದಿಯ 100 ಮೆಗಾಬಿಟ್ ಪೋರ್ಟುಗಳನ್ನೇ ಬಳಸುತ್ತಿರಬಹುದು. ಈ ಪರೀಕ್ಷೆಯನ್ನು ಒಂದೇ ದೊಡ್ಡ ಕಡತದಿಂದ ಮಾಡಬೇಕು. ಸಾವಿರಾರು ಚಿಕ್ಕ ಕಡತಗಳನ್ನು ಪ್ರತಿ ಮಾಡುವುದು ಉತ್ತಮ ಜಾಲದಲ್ಲಿಯೂ ನಿಧಾನವೇ. ಅದನ್ನು ದೋಷವೆಂದು ಎಣಿಸಬಾರದು.

ಕೇಬಲಿನ ಬಗ್ಗೆ ಇನ್ನೂ ಮೂರು ಮಾತು. ಒಂದನೆಯದಾಗಿ, ತಾಮ್ರದ ಕೇಬಲಿನ ಒಂದು ಓಟ 100 ಮೀಟರ್ ಮೀರಬಾರದು. ಎರಡನೆಯದಾಗಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಅಗ್ಗದ ಕೇಬಲ್‌ಗಳು ಮಾರುಕಟ್ಟೆಯಲ್ಲಿವೆ. ದರಪಟ್ಟಿ ಕರೆಯುವಾಗ "ಪೂರ್ಣ ತಾಮ್ರದ, ಕ್ಯಾಟ್ 5ಇ ಅಥವಾ ಕ್ಯಾಟ್ 6" ಎಂದು ಸ್ಪಷ್ಟವಾಗಿ ನಮೂದಿಸಬೇಕು. ಮೂರನೆಯದಾಗಿ, ದೀಪ ಮಿನುಗುವ ಸಾಧಾರಣ ಟೆಸ್ಟರ್ ತಂತಿ ತುಂಡಾಗಿದೆಯೇ, ಅದಲುಬದಲಾಗಿದೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ತುದಿಯಿಂದ ತುದಿಗೆ ಕ್ರಮ ಸರಿಯಿದ್ದು ಜೋಡಿಗಳು ತಪ್ಪಾಗಿ ಬೇರ್ಪಟ್ಟಿದ್ದರೆ ಅದು ಪತ್ತೆಯಾಗದು. ಹೀಗಾಗಿ "ಟೆಸ್ಟರ್‌ನಲ್ಲಿ ಸರಿ ಬಂತು" ಎಂಬುದು ಅಂತಿಮ ಮಾತಲ್ಲ; ಸರಿಯೆಂದು ಖಚಿತವಾದ ಬೇರೊಂದು ಕೇಬಲ್ ಹಾಕಿ ನೋಡುವುದೇ ನಿಜವಾದ ಪರೀಕ್ಷೆ.

ಕೇಬಲ್ ಸರಿಯಿದ್ದೂ ವೇಗ ಕುಸಿಯುವ ಸಂದರ್ಭವೊಂದಿದೆ. ಸ್ವಿಚ್ ಮತ್ತು ಸ್ಟೋರೇಜ್ ತಮ್ಮ ವೇಗ ಮತ್ತು ಸಂಚಾರದ ರೀತಿಯನ್ನು ಪರಸ್ಪರ ತಾವೇ ಹೊಂದಿಸಿಕೊಳ್ಳುತ್ತವೆ. ಒಂದು ಬದಿಯಲ್ಲಿ ಯಾರಾದರೂ ಇದನ್ನು ಕೈಯಿಂದ ನಿಗದಿಪಡಿಸಿ, ಇನ್ನೊಂದು ಬದಿಯನ್ನು ಸ್ವಯಂಚಾಲಿತವಾಗಿಯೇ ಬಿಟ್ಟರೆ, ಒಂದು ಬದಿ ಏಕಕಾಲಕ್ಕೆ ಕಳುಹಿಸುತ್ತಾ ಪಡೆಯುತ್ತಾ ಇದ್ದು, ಇನ್ನೊಂದು ಬದಿ ಸರದಿಯಂತೆ ಮಾತ್ರ ಕೆಲಸ ಮಾಡುವ ಸ್ಥಿತಿ ಬರಬಹುದು. ಆಗ ಚಿಕ್ಕ ಸಂಚಾರ ಸರಾಗವಾಗಿರುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ. ಎರಡೂ ಬದಿಯನ್ನು ಸ್ವಯಂಚಾಲಿತ ಹೊಂದಾಣಿಕೆಗೆ ಬಿಡುವುದು ಇದಕ್ಕೆ ಪರಿಹಾರ.

ಸಂಪರ್ಕ ಕಡಿಯುವುದಕ್ಕೆ ಸಾಮಾನ್ಯ ಕಾರಣಗಳು

ವಿದ್ಯುತ್ ಪೂರೈಕೆ: ನಾನು ಸೇವೆ ಸಲ್ಲಿಸಿದ ಒಂದು ಕಚೇರಿಯಲ್ಲಿ ಸ್ಟೋರೇಜ್ "ಹ್ಯಾಂಗ್ ಆಗುತ್ತದೆ" ಎಂಬ ದೂರು ಬಹುಕಾಲದಿಂದ ಇತ್ತು. ಗಣಕಯಂತ್ರಗಳೂ ಸ್ಟೋರೇಜ್ ಕೂಡ ಯುಪಿಎಸ್‌ಗೆ ಸೇರಿದ್ದವು. ಬೀರುವಿನ ಹಿಂದಿದ್ದ ಸ್ವಿಚ್‌ನ ಅಡಾಪ್ಟರ್ ಮಾತ್ರ ಸಾದಾ ಪ್ಲಗ್ಗಿನಲ್ಲಿತ್ತು. ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ಸ್ವಿಚ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಯಂತ್ರಗಳು ಚಾಲನೆಯಲ್ಲಿಯೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ತೆರೆದಿದ್ದ ಕಡತಗಳ ಸಂಪರ್ಕ ಮಾತ್ರ ಕಡಿಯುತ್ತಿತ್ತು. ಆ ಪ್ಲಗ್ಗನ್ನು ಯುಪಿಎಸ್‌ಗೆ ಬದಲಿಸಿದ ಮೇಲೆ ದೂರು ನಿಂತಿತು. ಸ್ಟೋರೇಜ್, ಸ್ವಿಚ್, ರೂಟರ್ ಮೂರೂ ಯುಪಿಎಸ್ ಮೇಲೆ ಇವೆಯೇ ಎಂಬುದನ್ನು ಸದಸ್ಯರು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬಹುದು.

ಒಂದೇ ವಿಳಾಸ ಇಬ್ಬರಿಗೆ: ಜಾಲದ ಪ್ರತಿಯೊಂದು ಸಾಧನಕ್ಕೂ ಐಪಿ ವಿಳಾಸವೆಂಬ ಸಂಖ್ಯೆಯಿರುತ್ತದೆ. ಸ್ಟೋರೇಜ್‌ಗೆ ಕೈಯಿಂದ ಕೊಟ್ಟ ವಿಳಾಸವು ರೂಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನೊಳಗೇ ಇದ್ದರೆ, ಯಾವುದೋ ಒಂದು ದಿನ ಅದೇ ವಿಳಾಸ ಇನ್ನೊಂದು ಯಂತ್ರಕ್ಕೆ ಅಥವಾ ಮೊಬೈಲಿಗೆ ಸಿಗಬಹುದು. ಒಂದೇ ಖಾತೆ ಸಂಖ್ಯೆ ಎರಡು ಮನೆಗಳಿಗೆ ನಮೂದಾದಂತೆ ಇದು. ಕೆಲವು ದಿನ ಸರಿ, ಕೆಲವು ದಿನ ಕಡಿತ ಎಂಬ ಲಕ್ಷಣವಿದ್ದರೆ ಇದನ್ನು ನೋಡಬೇಕು.

ಸುತ್ತು ಬಿದ್ದ ಕೇಬಲ್: ನೇತಾಡುತ್ತಿರುವ ಕೇಬಲಿನ ತುದಿಯನ್ನು ಯಾರಾದರೂ ಸ್ವಿಚ್‌ನ ಖಾಲಿ ಪೋರ್ಟಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿದ್ದರೆ, ಸಂದೇಶಗಳು ಕೊನೆಯಿಲ್ಲದೆ ಸುತ್ತತೊಡಗಿ ಇಡೀ ಕಚೇರಿಯ ಜಾಲ ಸ್ತಬ್ಧವಾಗುತ್ತದೆ. ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೇ ಎಡೆಬಿಡದೆ ಮಿನುಗುವುದು ಇದರ ಗುರುತು. ಸಾಧಾರಣ ಸ್ವಿಚ್‌ಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇರುವುದಿಲ್ಲ. ಎರಡು ತುದಿಗಳಿಗೂ ಚೀಟಿ ಅಂಟಿಸಿ ಹೆಸರು ಬರೆಯುವುದೇ ಉತ್ತಮ ರಕ್ಷಣೆ.

ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಕೇಬಲ್: ಕಚೇರಿಯಿಂದ ಪಕ್ಕದ ಗ್ರಂಥಾಲಯಕ್ಕೆ ತಾಮ್ರದ ಕೇಬಲನ್ನು ಬಯಲಿನಲ್ಲಿ ಎಳೆದಿದ್ದರೆ ಸಿಡಿಲಿನ ಸಮಯದಲ್ಲಿ ಹೆಚ್ಚುವರಿ ವಿದ್ಯುತ್ ಅದರ ಮೂಲಕ ಬಂದು ಪೋರ್ಟನ್ನು ಸುಡಬಹುದು ಅಥವಾ ಅರೆಕೆಡಿಸಬಹುದು. ಅರೆಕೆಟ್ಟ ಪೋರ್ಟು ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುತ್ತದೆ. ಇಂತಹ ಕಡೆ ವಿದ್ಯುತ್ ಹರಿಯದ ಆಪ್ಟಿಕಲ್ ಫೈಬರ್ ಬಳಸುವುದು ಸೂಕ್ತ.

ದೋಷವಲ್ಲದ ಲಕ್ಷಣಗಳು: ವಿಂಡೋಸ್ ಯಂತ್ರವೊಂದು ಕಡತ ಹಂಚುತ್ತಿದ್ದರೆ, ಯಾರೂ ಬಳಸದಿದ್ದಾಗ ಅದು ಸಾಮಾನ್ಯವಾಗಿ 15 ನಿಮಿಷಗಳ ನಂತರ ಸಂಪರ್ಕವನ್ನು ತಾನೇ ಮುಚ್ಚುತ್ತದೆ. ಡ್ರೈವ್‌ನ ಚಿತ್ರದ ಮೇಲೆ ಕೆಂಪು ಗುರುತು ಕಂಡರೂ ಕ್ಲಿಕ್ ಮಾಡಿದೊಡನೆ ತೆರೆದುಕೊಂಡರೆ ಅದು ದೋಷವಲ್ಲ. ಹಾಗೆಯೇ ಬಿಡುವಿನಲ್ಲಿ ನಿದ್ರಿಸುವ ಹಾರ್ಡ್ ಡಿಸ್ಕ್ ಎಚ್ಚರಗೊಳ್ಳಲು ಕೆಲವು ಸೆಕೆಂಡು ಬೇಕು. ಬೆಳಗಿನ ಮೊದಲ ಕಡತ ಮಾತ್ರ ತಡವಾಗುವುದಕ್ಕೆ ಇದು ಕಾರಣವಿರಬಹುದು.

ಸ್ಟೋರೇಜ್‌ನದೇ ದೋಷವಾದಾಗ

ದಾರಿಯೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಆಗ ಪೆಟ್ಟಿಗೆಯ ಕಡೆ ನೋಡಬೇಕು. ಅಲ್ಲಿಯೂ ಪೂರ್ಣ ಬದಲಾವಣೆಯೇ ಏಕೈಕ ಮಾರ್ಗವಲ್ಲ. ಸ್ಥಳ ಬಹುತೇಕ ತುಂಬಿದ್ದರೆ ಹಳೆಯ ನಕಲುಗಳನ್ನು ಪರಿಶೀಲಿಸಿ ತೆರವುಗೊಳಿಸಬಹುದು. ಎರಡು ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ಒಂದು ಕೆಟ್ಟಿದ್ದರೆ ಎಚ್ಚರಿಕೆಯ ದೀಪ ಅಥವಾ ಸದ್ದು ಬರುತ್ತದೆ, ಅದರ ದಾಖಲೆಯಲ್ಲಿಯೂ ನಮೂದಾಗಿರುತ್ತದೆ. ಆಗ ಆ ಡಿಸ್ಕನ್ನು ಮಾತ್ರ ಬದಲಿಸಿದರೆ ಸಾಕಾಗಬಹುದು. ಹೊಸ ಡಿಸ್ಕಿಗೆ ಮಾಹಿತಿ ತುಂಬುವವರೆಗೆ ವೇಗ ಕಡಿಮೆಯಿರುವುದು ಸಹಜ.

ಬದಲಾವಣೆ ನಿಜಕ್ಕೂ ಅಗತ್ಯವಾಗುವ ಒಂದು ಸಂದರ್ಭವನ್ನು ಹೇಳಲೇಬೇಕು. ಬಹಳ ಹಳೆಯ ಕೆಲವು ಸ್ಟೋರೇಜ್‌ಗಳು ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ಕ್ರಮವನ್ನಷ್ಟೇ ಬಲ್ಲವು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳನ್ನು ಬೀಗ ಹಾಕಿ ಹಣ ಕೇಳಿದ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದೇ ಕ್ರಮದಲ್ಲಿದ್ದ ಲೋಪದ ಮೂಲಕ. ಅದೇ ವರ್ಷದ ಕೊನೆಯ ಭಾಗದಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಇದನ್ನು ಪೂರ್ವನಿಯೋಜಿತವಾಗಿ ಕೈಬಿಡಲಾಯಿತು. ಹೊಸ ಯಂತ್ರಕ್ಕೆ ಹಳೆಯ ಸ್ಟೋರೇಜ್ ಕಾಣಿಸದಿದ್ದಾಗ ಕೆಲವರು ಎಸ್‌ಎಂಬಿ 1 ಅನ್ನು ಮತ್ತೆ ತೆರೆದು ಕೆಲಸ ಮುಗಿಸುತ್ತಾರೆ. ಇದು ಸಲ್ಲದು. ತಯಾರಕರ ಪರಿಷ್ಕರಣೆಯಿಂದ ಹೊಸ ಕ್ರಮ ಸಿಗದಿದ್ದರೆ ಅಂತಹ ಪೆಟ್ಟಿಗೆಯನ್ನು ಬದಲಿಸುವುದೇ ಸರಿ.

ಪರೀಕ್ಷಾ ಹಾಳೆ

ಕೆಳಗಿನ ಹಂತಗಳನ್ನು ಕಚೇರಿ ಸಿಬ್ಬಂದಿ ಅಥವಾ ನಿರ್ವಹಣಾ ತಂತ್ರಜ್ಞರು ಇದೇ ಕ್ರಮದಲ್ಲಿ ನಡೆಸಿ, ದಿನಾಂಕ, ಸಮಯ ಮತ್ತು ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು.

1. ಮೊದಲು ಸ್ಟೋರೇಜ್‌ನ ಎಲ್ಲ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿರಿಸುವುದು.

2. ತೊಂದರೆ ಒಬ್ಬರಿಗೋ ಎಲ್ಲರಿಗೋ, ಯಾವ ಸಮಯದಲ್ಲಿ, ಕರೆಂಟು ಹೋದಾಗಲೋ ಎಂಬುದನ್ನು ಒಂದು ವಾರ ದಾಖಲಿಸುವುದು.

3. ಸ್ಟೋರೇಜ್, ಸ್ವಿಚ್, ರೂಟರ್ ಮೂರೂ ಯುಪಿಎಸ್‌ಗೆ ಸೇರಿರುವುದನ್ನು ನೋಡುವುದು.

4. ಪ್ರತಿ ಯಂತ್ರದ ನೆಟ್‌ವರ್ಕ್ ಸ್ಥಿತಿಯಲ್ಲಿ ಸಂಪರ್ಕದ ವೇಗ 1000 ಇದೆಯೋ 100 ಇದೆಯೋ ಎಂದು ಬರೆದುಕೊಳ್ಳುವುದು. ಸ್ಟೋರೇಜ್‌ನ ನಿರ್ವಹಣಾ ಪುಟದಲ್ಲಿಯೂ ಇದನ್ನೇ ನೋಡುವುದು.

5. ಕೇಬಲ್ ಸಂಪರ್ಕವಿರುವ ಯಂತ್ರದಿಂದ ಸ್ಟೋರೇಜ್‌ನ ವಿಳಾಸಕ್ಕೆ ಹತ್ತು ನಿಮಿಷ ನಿರಂತರ ಪಿಂಗ್ ಮಾಡುವುದು. ಉತ್ತರ ಸಾಮಾನ್ಯವಾಗಿ 1 ಮಿಲಿಸೆಕೆಂಡಿನ ಒಳಗೆ ಬರಬೇಕು. ಉತ್ತರ ಬಾರದ ಸಾಲುಗಳಿದ್ದರೆ ಎಣಿಸಿ ಬರೆಯುವುದು. ವೈಫೈ ಮೂಲಕ ಈ ಪರೀಕ್ಷೆ ಮಾಡಬಾರದು.

6. ಒಂದೇ ದೊಡ್ಡ ಕಡತವನ್ನು ಪ್ರತಿ ಮಾಡಿ ಸಮಯ ಬರೆಯುವುದು.

7. ಸ್ಟೋರೇಜ್‌ನ ಕೇಬಲ್ ಬದಲಿಸಿ 4, 5 ಮತ್ತು 6ನ್ನು ಮತ್ತೆ ಮಾಡುವುದು. ನಂತರ ಸ್ವಿಚ್‌ನ ಬೇರೆ ಪೋರ್ಟಿಗೆ ಹಾಕಿ ಮಾಡುವುದು.

8. ಎರವಲು ತಂದ ಇನ್ನೊಂದು ಸ್ವಿಚ್‌ಗೆ ಸ್ಟೋರೇಜ್ ಮತ್ತು ಒಂದೇ ಗಣಕಯಂತ್ರವನ್ನು ಎರಡು ಒಳ್ಳೆಯ ಕೇಬಲ್‌ಗಳಿಂದ ಸೇರಿಸಿ, ಅಗತ್ಯವಿದ್ದರೆ ಯಂತ್ರಕ್ಕೆ ವಿಳಾಸವನ್ನು ಕೈಯಿಂದ ಕೊಟ್ಟು, ಮತ್ತೆ ನೋಡುವುದು.

ಎಂಟನೆಯ ಹಂತದಲ್ಲಿ ತೊಂದರೆ ಮಾಯವಾದರೆ ಕಚೇರಿಯ ಸ್ವಿಚ್ ಅಥವಾ ಉಳಿದ ಜಾಲದಲ್ಲಿ ದೋಷವಿದೆ. ಆಗಲೂ ಉಳಿದರೆ, ಬೇರೊಂದು ಗಣಕಯಂತ್ರವನ್ನಿಟ್ಟು ಒಮ್ಮೆ ನೋಡಿದ ಬಳಿಕ, ಸ್ಟೋರೇಜ್ ಮೇಲಿನ ಅನುಮಾನ ಬಲವಾಗುತ್ತದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಖರೀದಿಯ ಪ್ರಸ್ತಾವನೆಯೊಂದಿಗೆ ಈ ಹಾಳೆಯನ್ನು ಲಗತ್ತಿಸುವಂತೆ ಸದಸ್ಯರು ಕೇಳಬಹುದು. ಎಂಟನೆಯ ಹಂತದ ಫಲಿತಾಂಶವೇನು? ಡಿಸ್ಕ್ ಮಾತ್ರ ಬದಲಿಸಿದರೆ ಸಾಲದೇ? ಹೊಸ ಸ್ಟೋರೇಜ್ ತಂದರೂ ಅದೇ ಹಳೆಯ ಕೇಬಲ್ ಮತ್ತು ಸ್ವಿಚ್‌ಗೆ ಸೇರಿಸುವುದಾದರೆ ವೇಗ ಹೇಗೆ ಹೆಚ್ಚುತ್ತದೆ? ಈ ಮೂರಕ್ಕೆ ಉತ್ತರವಿದ್ದರೆ ಅನುಮೋದನೆಯನ್ನು ತಡೆಯಬೇಕಾದ ಕಾರಣವಿಲ್ಲ. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳಿಗೆ ಅನುಗುಣವಾಗಿ ನಡೆಯಬೇಕೆಂಬುದು ತಮಗೆ ತಿಳಿದೇ ಇದೆ.

ಇವೆಲ್ಲದರ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದನ್ನು ತೊಂದರೆ ಇಲ್ಲದ ದಿನವೂ ಕೇಳಬೇಕು: ಸ್ಟೋರೇಜ್‌ನ ಪ್ರತಿಯನ್ನು ಕೊನೆಯ ಬಾರಿ ಬೇರೆಡೆಗೆ ತೆಗೆದಿರಿಸಿದ ದಿನಾಂಕ ಯಾವುದು? ಎರಡು ಡಿಸ್ಕ್‌ಗಳ ಪೆಟ್ಟಿಗೆಯಿದ್ದರೂ ಅದು ಬ್ಯಾಕಪ್ ಆಗುವುದಿಲ್ಲ. ಅಳಿಸಿದ ಕಡತ ಎರಡರಲ್ಲಿಯೂ ಅಳಿಯುತ್ತದೆ. ಬೆಂಕಿ, ಸಿಡಿಲು, ಕಳವು ಎರಡನ್ನೂ ಒಟ್ಟಿಗೇ ಒಯ್ಯುತ್ತವೆ. ತಿಂಗಳಿಗೊಮ್ಮೆಯಾದರೂ ಪೂರ್ಣ ಪ್ರತಿಯನ್ನು ಪ್ರತ್ಯೇಕ ಡಿಸ್ಕಿಗೆ ತೆಗೆದು, ಅದರಿಂದ ಒಂದೆರಡು ಕಡತಗಳನ್ನು ತೆರೆದು ನೋಡಿ, ಬೀಗವಿರುವ ಬೀರುವಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇರಿಸಿ, ದಿನಾಂಕವನ್ನು ವಹಿಯಲ್ಲಿ ನಮೂದಿಸುವಂತೆ ಕಚೇರಿಗೆ ಸೂಚಿಸುವುದು ಸೂಕ್ತ.